ಇವತ್ತು ಎಷ್ಟು ಕೋಲು?

ಕಳೆದದ್ದರ ಹಿಂದಿನ ನವರಾತ್ರಿಗೆ ಮನೆಗೆ ಬಂದ ನೆಂಟರೆಲ್ಲ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ ಹೋದರು: ಮಾಣಿ ಈಗ ಭಾರೀ ಪಾಪ ಆಗಿದ್ದಾನೆ, ಎಂದರೆ ಹುಡುಗ ಸಾಧುವಾಗಿದ್ದಾನೆ. ನಾನೂ ಅದನ್ನು ನಂಬಿದೆ. ಹದಿನಾರು ವರ್ಷದ ಮಗ ಮೊದಲಿನಂತೆ ಅಂಗಳದ ಈ ತುದಿಯಿಂದ ಆ ತುದಿಗೆ ಓಡುತ್ತಿರಲಿಲ್ಲ, ಬಂದವರನ್ನು ಜಗಲಿಯಲ್ಲೇ ತಡೆದು ಅವರ ಜಾಗದಲ್ಲಿ ಎಷ್ಟು ಸುರಂಗಗಳಿವೆ ಎಂದು ವಿಚಾರಿಸುತ್ತಿರಲಿಲ್ಲ, ಮಿಕ್ಸಿ ತಿರುಗಿದಾಗ ಕಿವಿ ಮುಚ್ಚಿಕೊಂಡು ಕೂಗುತ್ತಿರಲಿಲ್ಲ. 2013ರಲ್ಲಿ, ಅವನ ಐದನೆಯ ವಯಸ್ಸಿನಲ್ಲಿ, ಆಟಿಸಂ ಎಂಬ ಶಬ್ದ ನಮ್ಮ ಮನೆಯೊಳಗೆ ಬಂದಂದಿನಿಂದ ನಾವು ಕಾದು ಕುಳಿತದ್ದು ಈ ಶಾಂತಿಗಾಗಿಯೇ ಎಂದು ನನಗೆ ಅನ್ನಿಸಿತ್ತು. ಆ ದಿನಗಳಲ್ಲಿ ನಾನು ದೇವರಿಗೆ ಕೈಮುಗಿದದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಶಾಂತಿ ಏನೆಂಬುದನ್ನು ಮೊದಲು ಕಂಡುಹಿಡಿದವರು ನಾವೂ ಅಲ್ಲ, ವೈದ್ಯರೂ ಅಲ್ಲ. ಜನವರಿಯಲ್ಲಿ ನಮ್ಮ ಸುರಂಗದ ಮಣ್ಣು ತೆಗೆಯಲು ಬರುವ ಮೇಸ್ತ್ರಿ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ಚಾ ಕುಡಿಯುತ್ತಾ ಕೇಳಿದರು: "ಮಾಣಿ ಎಲ್ಲಿ ಅಣ್ಣ? ಅಳತೆ ಕೇಳ್ಲಿಕ್ಕೆ ಬರ್ಲೇ ಇಲ್ಲ. ಸೌಖ್ಯ ಇಲ್ವಾ?"

ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ನೀರಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮುರಕಲ್ಲಿನ ಗುಡ್ಡಗಳ ಬದಿಯಲ್ಲಿ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ ಮತ್ತು ಅಗಲಕ್ಕೆ ಒಳಮುಖವಾಗಿ ಅಡ್ಡಕ್ಕೆ ಕೊರೆದುಕೊಂಡು ಹೋಗುವ ಬಿಲವೇ ಸುರಂಗ. ಒಳಗೆಲ್ಲೋ ಒಸರು ಸಿಕ್ಕಿದರೆ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಹೊರಗಿನ ಮಣ್ಣಿನ ಟಾಂಕಿಗೆ ಬೀಳುತ್ತದೆ, ಅಲ್ಲಿಂದ ತೋಟಕ್ಕೆ. ಅದರ ಉದ್ದವನ್ನು ಇಲ್ಲಿ ಮೀಟರಿನಲ್ಲಿ ಹೇಳುವವರಿಲ್ಲ, ಕೋಲಿನಲ್ಲಿ ಹೇಳುತ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ನನ್ನ ಮಗ ಏಳನೆಯ ವಯಸ್ಸಿನಿಂದ ಆಚೀಚೆಯ ಸುರಂಗಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟವನು. ಯಾರದ್ದು ಎಷ್ಟು ಕೋಲು, ಎಲ್ಲಿ ತಿರುವು, ಯಾವ ತಿಂಗಳಲ್ಲಿ ಒರತೆ ಸಪುರವಾಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಅಂಥವನು ಮನೆಯ ಹಿಂದೆಯೇ ಎರಡು ದಿನ ಕೆಲಸ ನಡೆದರೂ ಕೋಣೆಯಿಂದ ಹೊರಗೆ ಬಂದಿರಲಿಲ್ಲ, ಮತ್ತು ಅದು ವಿಚಿತ್ರವೆಂದು ಹೆತ್ತವರಾದ ನಮಗೆ ಹೊಳೆದಿರಲಿಲ್ಲ.

ಆಟಿಸಂ ಇರುವ ಮಕ್ಕಳಲ್ಲಿ ಖಿನ್ನತೆ ಕಾಣಿಸಿಕೊಳ್ಳುವ ದಾರಿ ಹೆಚ್ಚಾಗಿ ಇದೇ ಎಂದು ನನಗೆ ತಿಳಿದದ್ದು ತಡವಾಗಿ. ಅವರು ಅಳುತ್ತಾ ಬಂದು ದುಃಖ ಹೇಳಿಕೊಳ್ಳಬೇಕೆಂದಿಲ್ಲ; ತಾವು ಅತ್ಯಂತ ಪ್ರೀತಿಸುತ್ತಿದ್ದ ವಿಷಯವನ್ನೇ ಕೈಬಿಡುತ್ತಾರೆ, ಕಲಿತ ಕೆಲಸಗಳನ್ನು ಮರೆತವರಂತೆ ಮಾಡುತ್ತಾರೆ, ನಿದ್ದೆ ಮತ್ತು ಊಟ ತಲೆಕೆಳಗಾಗುತ್ತವೆ, ಕೆಲವರಲ್ಲಿ ತಮ್ಮನ್ನೇ ಹೊಡೆದುಕೊಳ್ಳುವುದು ಹೆಚ್ಚಾಗುತ್ತದೆ. ಮುಖದಲ್ಲಿ ಭಾವ ಕಡಿಮೆ ಎಂಬುದು ಮೊದಲೇ ಇರುವ ಸಂಗತಿಯಾದ್ದರಿಂದ ಮುಖ ನೋಡಿ ಏನೂ ತಿಳಿಯುವುದಿಲ್ಲ. ಸ್ನಾನ ಮಾಡು ಎಂದು ನಾಲ್ಕು ಸಲ ಹೇಳಬೇಕಾಗಿ ಬಂದಾಗ ನಾವು ಅದನ್ನು ಹದಿಹರೆಯದ ಸೋಮಾರಿತನವೆಂದೆವು, ರಾತ್ರಿ ಮೂರು ಗಂಟೆಗೆ ಅವನ ಕೋಣೆಯಲ್ಲಿ ದೀಪ ಉರಿಯುತ್ತಿದ್ದಾಗ ಮೊಬೈಲಿನ ಹುಚ್ಚು ಎಂದೆವು.

ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಹತ್ತನೆಯ ತರಗತಿಯವರೆಗೆ ಅವನು ಓದಿದ್ದು ಮನೆಯ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ. ಅಲ್ಲಿ ಅಧ್ಯಾಪಕರಿಗೆ ಅವನು ಗೊತ್ತು, ಮಧ್ಯಾಹ್ನದ ಗಲಾಟೆಯ ಹೊತ್ತಿಗೆ ಅವನು ಲೈಬ್ರರಿಯಲ್ಲಿ ಕುಳಿತುಕೊಳ್ಳುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಹನ್ನೊಂದನೆಯ ತರಗತಿ, ಅಂದರೆ ಪ್ಲಸ್ ಒನ್‌ಗೆ ಸೇರಿದಾಗ ಪುಸ್ತಕ ಇಂಗ್ಲಿಷಿನದಾಯಿತು, ಪಾಠದ ವಿವರಣೆ ಮಲಯಾಳದ್ದಾಯಿತು, ಬಸ್ಸು ಎರಡಾಯಿತು, ತರಗತಿಯಲ್ಲಿ ಅರುವತ್ತರ ಹತ್ತಿರ ಮಕ್ಕಳಾದರು. ಕಾಸರಗೋಡಿನ ಕನ್ನಡ ಮಕ್ಕಳೆಲ್ಲ ದಾಟುವ ಹೊಳೆ ಇದು, ಹೆಚ್ಚಿನವರು ಒಂದು ವರ್ಷದಲ್ಲಿ ಈಜು ಕಲಿಯುತ್ತಾರೆ. ನನ್ನ ಮಗ ಮಾತ್ರ ದಿನವಿಡೀ ಬೇರೆಯವರು ನಕ್ಕಾಗ ನಕ್ಕು, ಅವರು ಎದ್ದಾಗ ಎದ್ದು, ಎಲ್ಲರಂತೆ ಕಾಣಿಸಿಕೊಳ್ಳುವ ಪ್ರಯತ್ನದಲ್ಲೇ ಇದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿ ಸಂಜೆ ಮನೆಗೆ ಬಂದು ಮಲಗುತ್ತಿದ್ದ. ಅವನು ಪಾಪವಾದದ್ದಲ್ಲ, ಬರಿದಾದದ್ದು.

ಮೊದಲು ತೋರಿಸಿದ ವೈದ್ಯರು ಅವನ ಹಳೆಯ ಕಾಗದಗಳನ್ನು ತಿರುವಿ ಹಾಕಿ, "ಆಟಿಸಂ ಉಂಟಲ್ಲ, ಈ ಪ್ರಾಯದಲ್ಲಿ ಹೀಗೆಲ್ಲ ಇರ್ತದೆ" ಎಂದು ಒಂದು ಮಾತ್ರೆ ಬರೆದರು. ಮೂರು ವಾರ ಅವನು ಇನ್ನಷ್ಟು ನಿದ್ದೆ ಮಾಡಿದ, ಎರಡು ಕಿಲೋ ಹೆಚ್ಚಾದ. ಆ ಮಾತ್ರೆ ರಿಸ್ಪೆರಿಡೋನ್ ಎಂದೂ, ಆಟಿಸಂ ಇರುವ ಮಕ್ಕಳಿಗೆ ಅದನ್ನು ಕೊಡಲು ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿದ್ದು ತೀವ್ರವಾದ ಸಿಡಿಮಿಡಿ ಮತ್ತು ಸ್ವಹಿಂಸೆಗಾಗಿ ಎಂದೂ ಆಮೇಲೆ ಓದಿ ತಿಳಿದೆ. ಅಗತ್ಯವಿರುವ ಮಗುವಿಗೆ ಅದು ಒಳ್ಳೆಯ ಔಷಧಿಯೇ ಇರಬಹುದು; ಆದರೆ ನನ್ನ ಮಗ ಸಿಡಿಮಿಡಿಗೊಂಡಿರಲಿಲ್ಲ, ನಂದಿದ್ದ. ಒಮ್ಮೆ ಆಟಿಸಂ ಎಂದು ಕಾಗದದಲ್ಲಿ ಬರೆದ ಮೇಲೆ ಆ ಮಗುವಿಗೆ ಹೊಟ್ಟೆನೋವು ಬಂದರೂ, ಹಲ್ಲು ಹಾಳಾದರೂ, ಬದುಕು ಬೇಡವೆನಿಸಿದರೂ ಎಲ್ಲದಕ್ಕೂ ಅದೇ ಶಬ್ದ ಉತ್ತರವಾಗಿಬಿಡುತ್ತದೆ. ದೊಡ್ಡ ಮರದ ನೆರಳಿನಲ್ಲಿ ಸಣ್ಣ ಗಿಡ ಕಾಣಿಸದ ಹಾಗೆ. ಈ ಗಿಡವಂತೂ ಸಣ್ಣದೇನೂ ಆಗಿರಲಿಲ್ಲ.

ಎರಡನೆಯ ಕಡೆ ಆಪ್ತಸಲಹೆಗಾರ್ತಿಯೊಬ್ಬರು ನಿಜವಾದ ಕಾಳಜಿಯಿಂದಲೇ ಒಂದು ಪ್ರಶ್ನಾವಳಿ ಹಿಡಿದು ಕುಳಿತರು. ಅವರ ಭಾಷೆ ಮಲಯಾಳ. "ಸಂಕಟ ಉಂಟಾ?" ಎಂಬರ್ಥದಲ್ಲಿ ಕೇಳಿದರು. ಮಲಯಾಳದಲ್ಲಿ ಸಂಕಟವೆಂದರೆ ದುಃಖ. ನಮ್ಮ ಮನೆಯಲ್ಲಿ ಸಂಕಟ ಬರುವುದು ಹೊಟ್ಟೆಗೆ, ಹಲಸಿನ ಹಣ್ಣು ಹೆಚ್ಚಾದಾಗ. ಮಗ "ಇಲ್ಲ" ಎಂದ. ಮಧ್ಯೆ ನಾನು ಬಾಯಿ ಹಾಕಿ ಕನ್ನಡದಲ್ಲಿ "ಮನಸ್ಸು ಭಾರ ಆಗ್ತದಾ?" ಎಂದು ಕೇಳಿದೆ. ಅವನು ನನ್ನ ಮುಖ ನೋಡದೆ, "ಮನಸ್ಸಿಗೆ ತೂಕ ಇಲ್ಲ" ಎಂದ. "ಬೇಜಾರಾ?" ಎಂದರೆ, "ಕರೆಂಟು ಹೋದಾಗ ಬೇಜಾರು ಆಗ್ತದೆ" ಎಂದ. ಎಲ್ಲ ಕಡೆ ಇಲ್ಲ ಎಂದು ಗುರುತು ಹಾಕಿದ ಆ ಕಾಗದ ಖಿನ್ನತೆ ಇಲ್ಲವೆಂದು ಹೇಳಿತು. ಅವನು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಇಷ್ಟು ಹೊತ್ತಿಗೆ ಸುದ್ದಿ ಹರಡಿತ್ತು, ಸಲಹೆಗಳೂ ಬರತೊಡಗಿದವು. ನಮಗೆ ದೂರವಲ್ಲದ ಎಣ್ಮಕಜೆಯ ಹೆಸರು ಎಂಡೋಸಲ್ಫಾನ್ ಎಂಬ ಕೀಟನಾಶಕದೊಂದಿಗೆ ಅಂಟಿಕೊಂಡಿರುವುದರಿಂದ, "ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಉಂಟಾ?" ಎಂದು ಕೇಳದವರಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನ ಸಿಂಪಡಣೆ ನಿಂತು ಎಂಟು ವರ್ಷವಾದ ಮೇಲೆ, 2008ರಲ್ಲಿ, ಹುಟ್ಟಿದವನು ಇವನು. ಆ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದ ಊರು ನಮ್ಮದು. ಆ ನೋವಿನ ಪಕ್ಕದಲ್ಲಿ ನನ್ನ ಮಗನ ಕಥೆಯನ್ನು ತಂದಿಡಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತು ನಿಜ: ಇಲ್ಲಿ ವೈಕಲ್ಯವೆಂದ ಕೂಡಲೇ ಜನರ ಕಣ್ಣೆದುರು ಬರುವುದು ಹಾಸಿಗೆ ಹಿಡಿದ ಮಗು. ಭೌತಶಾಸ್ತ್ರದ ಲೆಕ್ಕ ಮಾಡುವ, ತಾನೇ ಬಟ್ಟೆ ಹಾಕಿಕೊಳ್ಳುವ ಹುಡುಗನಿಗೆ ಏನು ತೊಂದರೆಯಿದ್ದೀತು ಎಂಬ ಪ್ರಶ್ನೆಗೆ ಉತ್ತರಿಸುವುದೇ ಒಂದು ಕೆಲಸವಾಗಿತ್ತು. ಇನ್ನೊಬ್ಬರು ದೂರದ ನಗರದಲ್ಲಿ ಸ್ಟೆಮ್ ಸೆಲ್ ಚುಚ್ಚುಮದ್ದು ಕೊಟ್ಟು ಆಟಿಸಂ ಗುಣಪಡಿಸುತ್ತಾರೆಂಬ ವಿಡಿಯೋ ಕಳುಹಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಅಂಥದ್ದನ್ನು ಅನುಮತಿ ಪಡೆದ ಪ್ರಯೋಗವಾಗಿಯಲ್ಲದೆ ಚಿಕಿತ್ಸೆಯೆಂದು ಮಾರುವಂತಿಲ್ಲ ಎಂದು ಉತ್ತರ ಬರೆದೆ. ಅವರು ಆಮೇಲೆ ಮಾತು ಬಿಟ್ಟರು. ಅತ್ತೆಯವರ ಕಡೆಯಿಂದ, ಒಮ್ಮೆ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ ನೋಡಬಾರದೇ ಎಂಬ ಮಾತೂ ಬಂತು. ಇಡಿಸಿದೆವು. ನಾಗನ ದೋಷವೆಂದು ಬಂತು, ಆಶ್ಲೇಷಾ ಬಲಿಯನ್ನೂ ಮಾಡಿಸಿದೆವು. ಅದರಿಂದ ನಷ್ಟವೇನೂ ಆಗಲಿಲ್ಲ, ಒಂದು ತಿಂಗಳು ಕಳೆಯಿತು ಎಂಬುದನ್ನು ಬಿಟ್ಟರೆ.

ಆ ತಿಂಗಳ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗ ಸಾಮಾನ್ಯವಾದ ಸ್ವರದಲ್ಲಿ ಕೇಳಿದ: "ಅಪ್ಪ, ನಾನು ಇಲ್ಲದಿದ್ದರೆ ತಿಂಗಳಿಗೆ ಖರ್ಚು ಎಷ್ಟು ಕಡಿಮೆ ಆಗ್ತದೆ?" ಬಸ್ಸಿನ ಹಣ, ಔಷಧಿ, ಥೆರಪಿ ಎಂದು ಅವನು ಆಗಲೇ ಕೂಡಿಸಿ ಇಟ್ಟಿದ್ದ. ಅವನ ಅಮ್ಮ ಎದ್ದು ಒಳಗೆ ಹೋದಳು. ನಾನು ಹೊರಗೆ ಜಗಲಿಗೆ ಬಂದು 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಂಖ್ಯೆ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆಚೆಯ ಹೆಂಗಸು ಮೊದಲು ಕೇಳಿದ್ದು ಮಗ ಈಗ ಯಾರ ಜತೆಗಿದ್ದಾನೆ ಎಂದು, ಎರಡನೆಯದಾಗಿ ಮನೆಯಲ್ಲಿ ಅಪಾಯದ ವಸ್ತುಗಳು ಎಲ್ಲಿವೆ ಎಂದು. ಅಡಿಕೆ ತೋಟವಿರುವ ಮನೆಯಲ್ಲಿ ಅದಕ್ಕೆ ಉತ್ತರ ಉದ್ದವಿರುತ್ತದೆ. ತೋಟದ ಔಷಧಿಗಳ ಕೋಣೆಗೆ ಆ ರಾತ್ರಿಯೇ ಬೀಗ ಬಿತ್ತು, ಮನೆಯ ಮಾತ್ರೆಗಳ ಡಬ್ಬಿಯೂ ಅದರೊಳಗೆ ಹೋಯಿತು. ಬೀಗದ ಕೈ ಈಗಲೂ ಅವನ ಅಮ್ಮನ ಬಳಿ ಇದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ಅವನನ್ನು ನೇರವಾಗಿಯೇ ಕೇಳಿ, ಕೇಳಿದರೆ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಹೆದರಬೇಡಿ, ಎಂದೂ ಆಕೆ ಹೇಳಿದರು. ನನ್ನಿಂದ ಆಗಲಿಲ್ಲ. ಆ ರಾತ್ರಿ ಅವನ ಕೋಣೆಯಲ್ಲಿ ಚಾಪೆ ಹಾಕಿ ಮಲಗಿದೆ, ಅಷ್ಟೇ.

ಮೂರನೆಯ ದಿನ ಉಪ್ಪಳಕ್ಕೆ ಇಳಿದು, ಮಂಜೇಶ್ವರ, ತಲಪಾಡಿ ದಾಟಿ ಮಂಗಳೂರಿನಲ್ಲಿ ಮಕ್ಕಳ ಮನೋವೈದ್ಯರೊಬ್ಬರನ್ನು ಕಂಡೆವು. ಆಸ್ಪತ್ರೆಯೆಂದರೆ ಮಂಗಳೂರು ಎಂಬುದು ಮಂಜೇಶ್ವರದ ಕಡೆಯವರಿಗೆ ರಾಜ್ಯಗಳ ಗಡಿ ಎಳೆದ 1956ರ ಗೆರೆಗಿಂತ ಹಳೆಯ ಅಭ್ಯಾಸ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಇದೇ ಮಗನಿಗೆ ಮಾತು ಕಲಿಸುವ ಥೆರಪಿ ನಿಂತುಹೋದದ್ದು ಪ್ರತಿಸಲ ಆ ಜಾಗ ದಾಟುವಾಗ ನೆನಪಾಗುತ್ತದೆ.

ಆ ವೈದ್ಯರು ಮಾತ್ರೆ ಬರೆಯುವ ಮೊದಲು ರಕ್ತ ಪರೀಕ್ಷೆಗೆ ಬರೆದರು: ಥೈರಾಯಿಡ್, ರಕ್ತಹೀನತೆ, ಬಿ12, ವಿಟಮಿನ್ ಡಿ. ಹಳೆಯ ಮಾತ್ರೆಯಿಂದಲೇ ಹೀಗಾಗಿದೆಯೇ, ಶಾಲೆಯಲ್ಲಿ ಯಾರಾದರೂ ಕೀಟಲೆ ಮಾಡುತ್ತಾರೆಯೇ, ಎಂದಾದರೂ ಫಿಟ್ಸ್ ಬಂದಿತ್ತೇ ಎಂದೆಲ್ಲ ವಿಚಾರಿಸಿದರು. ಹತ್ತು ವರ್ಷ ಹಿಂದೆ ಅವನು ಹೇಗಿದ್ದನೆಂದು ಕೇಳದೆ, ಹತ್ತು ತಿಂಗಳ ಹಿಂದೆ ಹೇಗಿದ್ದ, ಈಗ ಹೇಗೆ ಬೇರೆ ಎಂದು ಕೇಳಿದ ಮೊದಲ ವೈದ್ಯರು ಅವರು. ನಾನು ಮೇಸ್ತ್ರಿಯ ಮಾತು ಹೇಳಿದೆ. ಅವರು ಅದನ್ನು ಹಾಗೆಯೇ ಬರೆದುಕೊಂಡು, ನಮ್ಮನ್ನು ಪಕ್ಕದ ಕೋಣೆಯ ಮನಃಶಾಸ್ತ್ರಜ್ಞೆಯ ಬಳಿ ಕಳುಹಿಸಿದರು.

ಆಕೆ ಕೋಣೆಯ ಟ್ಯೂಬ್‌ಲೈಟನ್ನು ಆರಿಸಿ ಕಿಟಕಿಯ ಬೆಳಕೊಂದನ್ನೇ ಉಳಿಸಿಕೊಂಡರು, ಎದುರು ಕೂರದೆ ಮೇಜಿನ ಬದಿಯಲ್ಲಿ ಕುಳಿತರು. ಸುರಂಗದ ವಿಷಯ ಎತ್ತಿದರು. ಇಪ್ಪತ್ತು ನಿಮಿಷ ನನ್ನ ಮಗ, ಆರು ತಿಂಗಳಿಂದ ಒಂದು ವಾಕ್ಯಕ್ಕಿಂತ ಹೆಚ್ಚು ಮಾತಾಡದವನು, ಒಳಗೆ ಗಾಳಿ ಸಾಕೇ ಎಂದು ತಿಳಿಯಲು ಮೇಸ್ತ್ರಿಗಳು ಮೇಣದಬತ್ತಿ ಹಚ್ಚಿಡುವುದರಿಂದ ಹಿಡಿದು ಮಣ್ಣು ಹೊರಗೆ ಸಾಗಿಸುವ ರೀತಿಯವರೆಗೆ ತಗ್ಗಿದ ಸ್ವರದಲ್ಲಿ ವಿವರಿಸಿದ. ನಮ್ಮ ಸುರಂಗ ಮೂವತ್ತಾರು ಕೋಲು ಎಂದ. ಆಕೆ ಕಾಗದದಲ್ಲಿ ಒಂದು ಸುರಂಗದ ಚಿತ್ರ ಬರೆದು, ಸೊನ್ನೆಯಿಂದ ಮೂವತ್ತಾರರವರೆಗೆ ಗೆರೆ ಹಾಕಿ, "ಬಾಯಿಯ ಹತ್ತಿರ ಬೆಳಕು ಉಂಟು. ಒಳಗೆ ಹೋದ ಹಾಗೆ ಕಡಿಮೆ. ನೀನು ಇವತ್ತು ಎಷ್ಟು ಕೋಲು ಒಳಗೆ ಇದ್ದೀ?" ಎಂದು ಕೇಳಿದರು.

"ಮೂವತ್ತೆರಡು." ಯೋಚಿಸಲೇ ಇಲ್ಲ.

"ಅಲ್ಲಿ ಎಂತ ತೊಂದರೆ?"

"ತಿರುಗ್ಲಿಕ್ಕೆ ಜಾಗ ಇಲ್ಲ. ಹಿಂದೆ ಹಿಂದೆಯೇ ಬರ್ಬೇಕು. ಅದಕ್ಕೆ ಶಕ್ತಿ ಇಲ್ಲ."

ಆಮೇಲೆ ಆಕೆ ನನ್ನಿಂದಾಗದ ಪ್ರಶ್ನೆಯನ್ನು ಯಾವ ಸುತ್ತೂ ಇಲ್ಲದೆ ಕೇಳಿದರು. ಅವನು ಹೌದು ಎಂದ. ಎಷ್ಟು ಸಲ, ಯಾವಾಗ, ಏನಾದರೂ ಮಾಡಬೇಕೆಂದು ತೀರ್ಮಾನಿಸಿದ್ದೀಯಾ ಎಂಬುದಕ್ಕೂ ಅಷ್ಟೇ ನೇರವಾಗಿ ಉತ್ತರಿಸಿದ. ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ. ಒಂದು ವರ್ಷ ನಾವು ಊರಿಡೀ ಪ್ರಶ್ನೆ ಇಟ್ಟದ್ದು ಬೇರೆಯವರ ಮುಂದೆ.

ಚಿಕಿತ್ಸೆಯ ಆಯ್ಕೆಗಳನ್ನು ವೈದ್ಯರು ಒಂದು ತಾಸು ಕುಳಿತು ವಿವರಿಸಿದರು. ಅವರು ಮುಚ್ಚಿಡದೆ ಹೇಳಿದ ಕಾರಣಕ್ಕೆ ಅದನ್ನು ಬರೆಯುವುದು ನ್ಯಾಯವೆನಿಸುತ್ತದೆ. ಹದಿಹರೆಯದ ಖಿನ್ನತೆಯ ಬಗ್ಗೆ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 439 ಮಕ್ಕಳಿದ್ದರು. ಹನ್ನೆರಡು ವಾರಗಳಲ್ಲಿ ಫ್ಲುಒಕ್ಸೆಟಿನ್ ಎಂಬ ಔಷಧಿ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇಕಡಾ 71, ಔಷಧಿ ಮಾತ್ರ ಪಡೆದವರಲ್ಲಿ 61, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 43, ಹುಸಿಮಾತ್ರೆ ಪಡೆದವರಲ್ಲಿ 35 ಮಂದಿ ಸುಧಾರಿಸಿದರು. ನನಗೆ ಸಮಾಧಾನವಾಯಿತು. ಕೂಡಲೇ ಅವರು, "ಆದರೆ ಅದರಲ್ಲಿ ನಿಮ್ಮ ಮಗನಂಥವರನ್ನು ಸೇರಿಸಿಕೊಂಡಿರಲಿಲ್ಲ" ಎಂದರು. ಈ ಗುಂಪಿನ ಔಷಧಿಗಳು ಆಟಿಸಂನ ಮೂಲ ಲಕ್ಷಣಗಳಿಗೆ ಪ್ರಯೋಜನವಿಲ್ಲವೆಂದು ಬೇರೆ ಪ್ರಯೋಗಗಳು ತೋರಿಸಿವೆ. 2009ರಲ್ಲಿ ಪ್ರಕಟವಾದ, 149 ಮಕ್ಕಳ ಮೇಲಿನ, ಅದೇ ಗುಂಪಿನ ಸಿಟಾಲೊಪ್ರಾಮ್ ಔಷಧಿಯ ಪ್ರಯೋಗದಲ್ಲಿ ಪುನರಾವರ್ತನೆಯ ನಡವಳಿಕೆ ಕಡಿಮೆಯಾಗಲಿಲ್ಲ, ಚಡಪಡಿಕೆ ಮಾತ್ರ ಹೆಚ್ಚಾಯಿತು. ಆದ್ದರಿಂದ ಕೊಡುವುದಾದರೆ ಖಿನ್ನತೆಗೆ, ಅತಿ ಕಡಿಮೆ ಪ್ರಮಾಣದಿಂದ, ನಿಧಾನವಾಗಿ ಏರಿಸುತ್ತಾ. ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಬೇಕು. ಎಳೆಯರಲ್ಲಿ ಈ ಔಷಧಿಗಳ ಆರಂಭದ ದಿನಗಳಲ್ಲಿ ಸಾವಿನ ಯೋಚನೆ ಹೆಚ್ಚಾಗಬಹುದೆಂದು 2004ರಲ್ಲೇ ಅಮೆರಿಕದಲ್ಲಿ ಔಷಧಿಯ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನೊಳಗೆ ಎಚ್ಚರಿಕೆ ಹಾಕಲು ಆದೇಶಿಸಿದರು. ಹಾಗಾಗಿ ಮೊದಲ ವಾರಗಳಲ್ಲಿ ಕಣ್ಣಿಡಬೇಕು, ನಿದ್ದೆ ಕೆಟ್ಟು ಚಡಪಡಿಸಿದರೆ ಕೂಡಲೇ ತಿಳಿಸಬೇಕು, ಸರಿಯಾಯಿತೆಂದು ನಾವೇ ನಿಲ್ಲಿಸಬಾರದು. ಪರಿಸ್ಥಿತಿ ಬಿಗಡಾಯಿಸಿ ಒಳರೋಗಿಯಾಗಿ ಸೇರಿಸಬೇಕಾಗಿ ಬಂದರೂ ಅವನೊಬ್ಬನನ್ನೇ ಬಿಟ್ಟು ಬರಬೇಕಾಗಿಲ್ಲ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನವರನ್ನು ದೊಡ್ಡವರಿಂದ ಪ್ರತ್ಯೇಕವಾಗಿ ಇಡಬೇಕು, ಮನೆಯವರೊಬ್ಬರು ಜತೆಗಿರಬೇಕು. ಈ ಕೊನೆಯ ಮಾತನ್ನು ಕೇಳಿ ನನ್ನ ಹೆಂಡತಿ ಆ ದಿನ ಮೊದಲ ಬಾರಿಗೆ ಬೆನ್ನು ಒರಗಿಸಿ ಕುಳಿತಳು.

ಔಷಧಿ ಶುರು ಮಾಡಿದೆವು. ಎರಡನೆಯ ವಾರ ಅವನು ರಾತ್ರಿ ಜಗಲಿಯಲ್ಲಿ ಶತಪಥ ಹಾಕಿದ. ಫೋನ್ ಮಾಡಿದಾಗ ವೈದ್ಯರು ಪ್ರಮಾಣವನ್ನು ಏರಿಸದೆ ಹಾಗೆಯೇ ತಡೆಹಿಡಿದರು. ಕ್ಯಾಪ್ಸೂಲ್ ನಾಲಗೆಗೆ ಅಂಟುತ್ತದೆ ಎಂದು ಅವನು ಉಗುಳುತ್ತಿದ್ದ ಕಾರಣ, ಬಾಳೆಹಣ್ಣಿನ ತುಂಡಿನೊಳಗೆ ಇಡುವ ಉಪಾಯಕ್ಕೆ ಬಂದು ಮುಟ್ಟಲು ಎಂಟು ದಿನ ಹಿಡಿಯಿತು. ಕದಳಿ ಆಗುವುದಿಲ್ಲ, ನೇಂದ್ರವೇ ಆಗಬೇಕು.

ಮಾತಿನ ಚಿಕಿತ್ಸೆ ನಾನೆಣಿಸಿದ ಹಾಗೆ ಮಾತಿನದ್ದಾಗಿರಲಿಲ್ಲ. ಅರ್ಧ ಗಂಟೆ, ಪ್ರತಿವಾರ ಅದೇ ಕುರ್ಚಿ, ಎಲ್ಲವೂ ಬರೆದು ಅಥವಾ ಚಿತ್ರದಲ್ಲಿ. ಆಟಿಸಂ ಇರುವ ಮಕ್ಕಳ ಆತಂಕಕ್ಕೆ ಈ ಚಿಕಿತ್ಸೆಯನ್ನು ಹೇಗೆ ಬದಲಿಸಿಕೊಳ್ಳಬೇಕೆಂದು ಚಿಕಿತ್ಸೆಗಳಿಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೇಳಿದ್ದು ಇದನ್ನೇ: ಭಾವನೆಗಳನ್ನು ಗುರುತಿಸುವ ಅಭ್ಯಾಸ ಮೊದಲು, ಬರಹ ಮತ್ತು ಚಿತ್ರ ಹೆಚ್ಚು, ಹೆತ್ತವರೂ ಜತೆಗೆ, ಮಗುವಿನ ಆಸಕ್ತಿಯ ವಿಷಯವೇ ಸಾಧನ. ಮೊದಲ ಎಂಟು ವಾರ ಅವನು ಕಲಿತದ್ದು ಶರೀರದ ಗುರುತುಗಳನ್ನು. ಗಂಟಲು ಬಿಗಿಯುವುದು, ಕೈ ತಣ್ಣಗಾಗುವುದು, ಶಬ್ದಗಳು ದೊಡ್ಡದಾಗಿ ಕೇಳುವುದು. ಅವಕ್ಕೆ ದುಃಖ, ಹೆದರಿಕೆ, ದಣಿವು ಎಂಬ ಹೆಸರುಗಳು ಆಮೇಲೆ ಬಂದವು. ಮನೆಯಲ್ಲಿ ದಿನಕ್ಕೊಂದು ಸಣ್ಣ ಕೆಲಸ: ಟಾಂಕಿಯ ನೀರಿನ ಮಟ್ಟ ನೋಡಿ ಬರುವುದು. ಮನಸ್ಸು ಬಂದ ಮೇಲೆ ಕೆಲಸವಲ್ಲ, ಕೆಲಸ ಮಾಡಿದ ಮೇಲೆ ಮನಸ್ಸು ಬಂದರೆ ಬರಲಿ ಎಂಬುದು ಅದರ ಕ್ರಮ. ಎಷ್ಟೋ ದಿನ ಅದೂ ಆಗಲಿಲ್ಲ.

ನನ್ನ ಲೆಕ್ಕದಲ್ಲಿ ಔಷಧಿಯಷ್ಟೇ ಕೆಲಸ ಮಾಡಿದ್ದು ಶಾಲೆಯಲ್ಲಿ ಆದ ಬದಲಾವಣೆ. ಆಟಿಸಂ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಗೆ ಸೇರಿದ್ದು 2016ರಲ್ಲಿ. ಅದರ ಆಧಾರದಲ್ಲಿ ಮಾಡಿಸಿಟ್ಟಿದ್ದ ಪ್ರಮಾಣಪತ್ರ ಅಷ್ಟರವರೆಗೆ ಕಪಾಟಿನಲ್ಲಿತ್ತು. ವೈದ್ಯರ ಪತ್ರದೊಂದಿಗೆ ಅದನ್ನು ಹಿಡಿದುಕೊಂಡು ಹೋಗಿ, ಕಿವಿಗೆ ಶಬ್ದ ತಡೆಯುವ ಮುಚ್ಚಳ, ಮಧ್ಯಾಹ್ನ ಕುಳಿತುಕೊಳ್ಳಲು ಒಂದು ಖಾಲಿ ಕೋಣೆ, ವಾರದಲ್ಲಿ ಎರಡು ದಿನ ಅರ್ಧ ಹೊತ್ತು, ಇವಿಷ್ಟನ್ನು ಕೇಳಿದೆ. ಕೊಟ್ಟರು. ಹಾಜರಾತಿಯ ಚರ್ಚೆ ಇನ್ನೂ ಮುಗಿದಿಲ್ಲ. ಕನ್ನಡ ಬಲ್ಲ ಅಧ್ಯಾಪಕಿಯೊಬ್ಬರು ಪಾಠದ ಸಾರವನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದು ನಾನು ಕೇಳಿದ್ದಲ್ಲ.

ಊಟದ ಕೋಣೆಯ ಗೋಡೆಯಲ್ಲಿ ಈಗ ಒಂದು ಕ್ಯಾಲೆಂಡರು ಇದೆ. ಪ್ರತಿ ಸಂಜೆ ಅವನು ಅದರಲ್ಲಿ ಒಂದು ಅಂಕೆ ಬರೆಯುತ್ತಾನೆ. ನಾನು "ಇವತ್ತು ಎಷ್ಟು ಕೋಲು?" ಎಂದು ಕೇಳುವುದು, ಅವನು ಹೇಳುವುದು, ನಾನು ಮರುಪ್ರಶ್ನೆ ಹಾಕದಿರುವುದು, ಇದು ನಮ್ಮೊಳಗಿನ ಒಪ್ಪಂದ. ಇಪ್ಪತ್ತೈದು ದಾಟಿದರೆ ಅವನೇ ಬಂದು ಹೇಳಬೇಕು, ನಮ್ಮಲ್ಲೊಬ್ಬರು ಅವನ ಜತೆ ಇರಬೇಕು, ಅದೂ ಒಪ್ಪಂದದಲ್ಲಿದೆ. ಮಳೆಗಾಲದಲ್ಲಿ ಹದಿನಾಲ್ಕು, ಹನ್ನೊಂದು ಎಂದು ಬರುತ್ತಿದ್ದದ್ದು ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಇಪ್ಪತ್ತೆಂಟಕ್ಕೆ ಹೋಯಿತು, ಮತ್ತೆ ಇಳಿಯಿತು. ಸೊನ್ನೆ ಒಮ್ಮೆಯೂ ಬಂದಿಲ್ಲ. ಎಲ್ಲರೂ ಸ್ವಲ್ಪ ಒಳಗೇ ಇರುತ್ತಾರೆ ಅಲ್ಲವೇ ಎಂದು ಅವನು ಒಮ್ಮೆ ಕೇಳಿದಾಗ, ನನ್ನದು ಎಷ್ಟೆಂದೂ ಹೇಳಬೇಕಾಗಿ ಬಂತು. ಒಂಬತ್ತು ಎಂದೆ. ಅದನ್ನೂ ಬರೆದಿಟ್ಟ, ಬೇರೆ ಬಣ್ಣದಲ್ಲಿ.

ಮೇಸ್ತ್ರಿ ಕಳೆದ ವಾರ ಈ ವರ್ಷದ ಮಣ್ಣು ತೆಗೆಯಲು ಬಂದಿದ್ದರು. ಮಗ ಮೊದಲ ದಿನ ಹೊರಗೆ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ, ಕಿವಿಯ ಮುಚ್ಚಳ ಹಾಕಿಕೊಂಡು, ಹಳೆಯ ಪುಸ್ತಕ ಹಿಡಿದು ಸುರಂಗದ ಬಾಯಿಯವರೆಗೆ ಹೋದ, ಒಳಗೆ ಹೋಗಲಿಲ್ಲ. ಮೇಸ್ತ್ರಿ ಒಳಗಿನಿಂದಲೇ ಕೂಗಿ, ತುದಿಯಲ್ಲಿ ಸ್ವಲ್ಪ ಕುಸಿದಿದೆ, ಈಗ ಮೂವತ್ತೈದೇ ಎಂದರು. ಅವನು ಹಳೆಯ ಅಂಕೆಯನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡ. ಸಂಜೆ ಮನೆಗೆ ಬಂದ ಮೇಲೆ, ಹಾಗಾದರೆ ಗೋಡೆಯ ಲೆಕ್ಕವನ್ನೂ ಮೂವತ್ತೈದಕ್ಕೇ ನಿಲ್ಲಿಸಬೇಕಾಗುತ್ತದೆ, ಬುಧವಾರ ಮಂಗಳೂರಿನಲ್ಲಿ ಅವರಿಗೆ ತಿಳಿಸಬೇಕು ಎಂದ.